ಗಣಕಯಂತ್ರದೊಳಗೆ ಕನ್ನಡ ಮತ್ತು ಉರ್ದು: ಒಂದು ಹಿನ್ನೋಟ



ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗರಲ್ಲಿ ಮಧ್ಯಾಹ್ನದ ಬಿಡುವಿನ ವೇಳೆ ತಪ್ಪದೆ ಒಂದು ಜಗಳ ನಡೆಯುತ್ತದೆ. ಆಂಡ್ರಾಯ್ಡ್ ಮೇಲೋ, ಐಫೋನ್ ಮೇಲೋ ಎಂಬುದೇ ಆ ಜಗಳ. ಜಗಳವಾಡುವವರಲ್ಲಿ ಐಫೋನ್ ಇರುವವರು ಒಬ್ಬರೂ ಇಲ್ಲ, ಅದು ಬೇರೆ ಮಾತು. ಒಂದು ದಿನ ಅವರಲ್ಲೊಬ್ಬ ನನ್ನ ಬಳಿ ಬಂದು, "ಸರ್, ನೀವೇ ಹೇಳಿ, ಯಾವುದು ಒಳ್ಳೆಯದು?" ಎಂದ. "ಯಾವುದರಲ್ಲಿ ನಿನ್ನ ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಸರಿಯಾಗಿ ಬರೆಯಬಹುದೋ ಅದು ಒಳ್ಳೆಯದು" ಎಂದೆ. ಅವನು ನಕ್ಕು ಹೋದ. ಮೇಷ್ಟರ ಉತ್ತರ ಎಂದುಕೊಂಡಿರಬೇಕು. ಆದರೆ ನಾನು ತಮಾಷೆಗೆ ಹೇಳಿದ ಮಾತು ಅದಲ್ಲ. ಅದರ ಹಿಂದೆ ಒಂದು ಇತಿಹಾಸವಿದೆ, ನಮ್ಮ ಸಂಸ್ಥೆಗೆ ಆದ ಒಂದು ನಷ್ಟವೂ ಇದೆ. ಎರಡನ್ನೂ ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಂತ್ರಗಳ ಪೈಪೋಟಿ ಇಂದು ನಿನ್ನೆಯದಲ್ಲ. ಕಂಪ್ಯೂಟರ್ ಬರುವುದಕ್ಕೆ ಬಹಳ ಹಿಂದೆಯೇ ನಮ್ಮ ಎರಡು ಭಾಷೆಗಳು ಎರಡು ದಾರಿ ಹಿಡಿದಿದ್ದವು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಿನ ಮೊಳೆಗಳಿಂದ ಮುದ್ರಣವಾಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಮರುವರ್ಷವೇ ಆ ಪತ್ರಿಕೆ ಮೊಳೆ ಅಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಯಿತು. ಕನ್ನಡ ಮೊಳೆಯನ್ನು ಒಪ್ಪಿಕೊಂಡಿತು. ಉರ್ದು ಒಪ್ಪಿಕೊಳ್ಳಲಿಲ್ಲ. ನಸ್ತಾಲೀಕ್ ಬರಹದಲ್ಲಿ ಪದ ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಒಂದೇ ಅಕ್ಷರ ಪಕ್ಕದ ಅಕ್ಷರವನ್ನು ನೋಡಿಕೊಂಡು ರೂಪ ಬದಲಿಸುತ್ತದೆ. ಸೀಸದ ಮೊಳೆಗಳನ್ನು ಇಟ್ಟಿಗೆಯಂತೆ ಸಾಲಾಗಿ ಜೋಡಿಸಿದರೆ ಆ ಇಳಿಜಾರು ಬರುವುದಿಲ್ಲ. ಆದ್ದರಿಂದ ಉರ್ದು ಪತ್ರಿಕೆಗಳು ಕಾತಿಬರ ಕೈಬರಹವನ್ನೂ ಕಲ್ಲಚ್ಚನ್ನೂ ಬಿಡಲಿಲ್ಲ. ಮದರಾಸಿನ ತಿರುವಲ್ಲಿಕೇಣಿಯಲ್ಲಿ 1927ರಲ್ಲಿ ಆರಂಭವಾದ 'ಮುಸಲ್ಮಾನ್' ದಿನಪತ್ರಿಕೆಯಂತೂ ಕಂಪ್ಯೂಟರ್ ಬಂದ ಮೇಲೂ ಕಾತಿಬರ ಕೈಬರಹದಲ್ಲೇ ಹೊರಬರುತ್ತಿತ್ತು.

ಇದನ್ನು ಕೇಳಿ ಹೆಮ್ಮೆಪಡುವವರಿದ್ದಾರೆ. ನನಗೆ ಹೆಮ್ಮೆಯ ಜೊತೆಗೆ ಸ್ವಲ್ಪ ಬೇಸರವೂ ಆಗುತ್ತದೆ. ಸುಂದರವಾದ ಲಿಪಿ ಎಂಬ ಕಾರಣಕ್ಕೇ ಉರ್ದು ಅಗ್ಗದ ಮುದ್ರಣದಿಂದ ಬಹುಕಾಲ ದೂರ ಉಳಿಯಿತು.

ಈ ಕಗ್ಗಂಟನ್ನು ಬಿಡಿಸಿದವರು ದೆಹಲಿ ಮೂಲದ, ಕರಾಚಿಗೆ ಹೋಗಿ ನೆಲೆಸಿದ ಕಲಾವಿದ ಮಿರ್ಜಾ ಅಹ್ಮದ್ ಜಮೀಲ್. ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಬದಲು, ಅವು ಕೂಡಿಕೊಂಡಾಗ ಆಗುವ ಜೋಡಣೆಗಳನ್ನೇ ಇಡಿಯಾಗಿ ಬರೆದು ಯಂತ್ರಕ್ಕೆ ಕೊಟ್ಟರೆ ಹೇಗೆ ಎಂದು ಅವರು ಯೋಚಿಸಿದರು. ಹದಿನೆಂಟು ಸಾವಿರಕ್ಕೂ ಹೆಚ್ಚು ಜೋಡಣೆಗಳನ್ನು ಕೈಯಿಂದಲೇ ಬರೆದರು. ಮೊನೊಟೈಪ್ ಕಂಪನಿ ಅದನ್ನು ತನ್ನ ಯಂತ್ರಕ್ಕೆ ಅಳವಡಿಸಿತು. ತಂದೆಯ ಹೆಸರಿನ ನೆನಪಿಗೆ ಅದಕ್ಕೆ 'ನೂರಿ ನಸ್ತಾಲೀಕ್' ಎಂದು ಹೆಸರಿಟ್ಟರು. 1981ರಲ್ಲಿ ಲಾಹೋರಿನ 'ಜಂಗ್' ಪತ್ರಿಕೆ ಅದರಲ್ಲಿ ಅಚ್ಚಾಗಿ ಬಂತು. 1994ರಲ್ಲಿ ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆಯ 'ಇನ್‌ಪೇಜ್' ತಂತ್ರಾಂಶ ಬಂದ ಮೇಲೆ ಈ ಲಿಪಿ ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿಗೂ ಇಳಿಯಿತು. ಮದುವೆಯ ಆಮಂತ್ರಣದಿಂದ ಹಿಡಿದು ಪಠ್ಯಪುಸ್ತಕದವರೆಗೆ ನೀವು ನೋಡಿರುವ ಉರ್ದು ಮುದ್ರಣದ ಬಹುಭಾಗ ಇನ್‌ಪೇಜಿನದೇ. ಆದರೆ ಒಂದು ಷರತ್ತು ಜೊತೆಗೇ ಬಂತು. ಆಗ ಇನ್‌ಪೇಜ್ ನಡೆಯುತ್ತಿದ್ದುದು ಮೈಕ್ರೋಸಾಫ್ಟ್‌ನ ವಿಂಡೋಸ್ ಮೇಲೆ. ಹಾಗಾಗಿ ಉರ್ದು ಬೇಕಾದವರು ವಿಂಡೋಸ್ ಬಿಟ್ಟು ಬೇರೆ ಕಡೆ ನೋಡುವಂತಿರಲಿಲ್ಲ.

ಈಗ ಕನ್ನಡದ ಕಡೆಗೆ ಬರೋಣ. ಕನ್ನಡದ ಕಥೆಯಲ್ಲಿ ನಮ್ಮ ಮೈಸೂರಿನ ಪಾಲು ದೊಡ್ಡದು, ಇದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿಲ್ಲ.

ಆರಂಭದ ಕಂಪ್ಯೂಟರುಗಳಲ್ಲಿ ಒಂದು ಅಕ್ಷರ ವಿನ್ಯಾಸಕ್ಕೆ ಇದ್ದ ಜಾಗ ಕೇವಲ 256 ಮನೆಗಳು. ಅದರಲ್ಲಿ ಅರ್ಧ ಇಂಗ್ಲಿಷಿಗೆ ಮೀಸಲು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಹೇಗೋ ಈ ಮನೆಗಳಲ್ಲಿ ತುರುಕಬೇಕಾಗಿತ್ತು. ಪುಣೆಯ ಮಾಡ್ಯುಲರ್ ಇನ್ಫೊಟೆಕ್ 'ಶ್ರೀಲಿಪಿ'ಯನ್ನೂ, ಬೆಂಗಳೂರಿನ ಸೈಬರ್‌ಸ್ಕೇಪ್ 'ಆಕೃತಿ'ಯನ್ನೂ, ಸೊನಾಟಾ 'ಪ್ರಕಾಶಕ್' ಅನ್ನೂ ತಯಾರಿಸಿದವು. ಒಬ್ಬರು 'ಕ' ಇಟ್ಟ ಮನೆಯಲ್ಲಿ ಇನ್ನೊಬ್ಬರು ಬೇರೇನನ್ನೋ ಇಟ್ಟರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಮೊಸರನ್ನದಂತೆ ಕಾಣುತ್ತಿತ್ತು. ಗಿರಾಕಿ ಒಂದು ಕಂಪನಿಯ ಬಾಗಿಲೊಳಗೆ ಹೋದರೆ ಮತ್ತೆ ಹೊರಬರುವ ದಾರಿ ಕಷ್ಟವಾಗಿತ್ತು.

ಇದಕ್ಕೆ ಮೊದಲೇ ದಕ್ಷಿಣ ಕನ್ನಡದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು, ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಬೆರಳಚ್ಚಿಸುವ ವಿನ್ಯಾಸವನ್ನು ರೂಪಿಸಿದ್ದರು. ಅಕ್ಷರಕ್ಕೆ ಒತ್ತು ಕೊಡಲು 'ಎಫ್' ಕೀಲಿ ಒತ್ತುವುದನ್ನು ನೀವು ಕಲಿತಿದ್ದೀರಲ್ಲ, ಅದು ಅವರ ಕೊಡುಗೆ. ಸರ್ಕಾರ ಇದನ್ನೇ ಶಿಷ್ಟ ಕೀಲಿಮಣೆಯಾಗಿ ಒಪ್ಪಿಕೊಂಡಿತು. 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 1998ರಲ್ಲಿ ಅಮೆರಿಕದಲ್ಲಿದ್ದ ಎಂಜಿನಿಯರ್ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶವನ್ನು ಹೊರತಂದು ಉಚಿತವಾಗಿ ಹಂಚಿದರು. ಸ್ವಲ್ಪ ಕಾಲದ ನಂತರ ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ 'ನುಡಿ'ಯನ್ನು ತಂದಿತು. ನಮ್ಮ ಪೀಳಿಗೆಯವರು ಹೈಸ್ಕೂಲಿನಲ್ಲಿ ಕನ್ನಡ ಬೆರಳಚ್ಚು ಕಲಿತದ್ದು ಇವೆರಡರಲ್ಲೇ. ನುಡಿಯವರು, ಬರಹದವರು ಎಂದು ಆಗ ಎರಡು ಪಕ್ಷಗಳೇ ಇದ್ದವು. ಇಂದಿನ ಆಂಡ್ರಾಯ್ಡ್, ಐಫೋನ್ ಪಕ್ಷಗಳಿಗಿಂತ ಆ ವಾದ ಏನೂ ಕಡಿಮೆ ಬಿಸಿಯಾಗಿರಲಿಲ್ಲ!

ಎರಡೂ ಪಕ್ಷದವರು ಒಂದು ಮಾತನ್ನು ಮಾತ್ರ ಆಡುತ್ತಿರಲಿಲ್ಲ. ನುಡಿ ಉಚಿತ, ನಿಜ. ಆದರೆ ಅದು ಕೂರುವ ಗದ್ದುಗೆ ವಿಂಡೋಸ್, ಅದು ಉಚಿತವಲ್ಲ. ಬಡ ಶಾಲೆಯೊಂದು ಕನ್ನಡವನ್ನು ಪುಕ್ಕಟೆಯಾಗಿ ಪಡೆಯಲು ಮೊದಲು ವಿಂಡೋಸ್‌ಗೆ ಹಣ ಕೊಡಬೇಕು, ಇಲ್ಲವೇ ಕಳ್ಳ ಪ್ರತಿ ಹಾಕಿಕೊಳ್ಳಬೇಕು. ಎಷ್ಟೋ ಕಡೆ ಏನಾಯಿತೆಂದು ನಾನು ಹೇಳಬೇಕಾಗಿಲ್ಲ.

ಈ ಹೊತ್ತಿನಲ್ಲಿ ಕನ್ನಡದ ಪರವಾಗಿ ಗಟ್ಟಿಯಾಗಿ ಮಾತನಾಡಿದವರಲ್ಲಿ ಪೂರ್ಣಚಂದ್ರ ತೇಜಸ್ವಿ ಪ್ರಮುಖರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಅವರು, ಕಂಪ್ಯೂಟರಿನಲ್ಲಿ ಬಾಳದ ಭಾಷೆಗೆ ಮುಂದೆ ಕಷ್ಟ ಎಂಬುದನ್ನು ಬೇಗ ಅರಿತರು. ಹಂಪಿ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಅವರ ಭಾವ, ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ ಮುಂದೆ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಗಳಾದ ಡಾ. ಕೆ. ಚಿದಾನಂದ ಗೌಡರು, ಸರ್ಕಾರದ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿ ಯುನಿಕೋಡ್ ಪರವಾಗಿ ದುಡಿದರು. 2012ರಲ್ಲಿ ಎಲ್ಲ ಇಲಾಖೆಗಳೂ ಯುನಿಕೋಡ್ ಬಳಸಬೇಕೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಒಂಟಿಕೊಪ್ಪಲಿನ 'ಉದಯರವಿ' ಮನೆಯ ಮುಂದೆ ಹಾದುಹೋಗುವಾಗ ಕವಿಯ ಮನೆ ಎಂದು ನೀವು ತೋರಿಸುತ್ತೀರಿ. ಆ ಕುಟುಂಬಕ್ಕೆ ಕನ್ನಡದ ಕಂಪ್ಯೂಟರ್ ಚರಿತ್ರೆಯಲ್ಲೂ ಸ್ಥಾನವಿದೆ ಎಂಬುದನ್ನು ಸೇರಿಸಿ ಹೇಳಿ.

ಯುನಿಕೋಡ್ ಎಂದರೇನು ಎಂದು ಕಿರಿಯರು ಕೇಳಬಹುದು. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಶಾಶ್ವತ ಸಂಖ್ಯೆ ಕೊಡುವ ಏರ್ಪಾಡು ಅದು. ಮೊದಲ ಆವೃತ್ತಿ 1991ರಲ್ಲಿ ಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳಿವೆ. 'ಕ' ಅಕ್ಷರದ ಸಂಖ್ಯೆ 3221. ಅದು ಮೈಸೂರಿನಲ್ಲೂ 3221, ದುಬೈನಲ್ಲೂ 3221, ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನ್ ಎಲ್ಲದರಲ್ಲೂ 3221. ಒತ್ತಕ್ಷರಗಳಿಗೆ ಬೇರೆ ಮನೆ ಬೇಡ. 'ಕ', ಹಲಂತ ಚಿಹ್ನೆ, 'ಷ' ಮೂರನ್ನೂ ಒಂದರ ಹಿಂದೆ ಒಂದು ಇಟ್ಟರೆ 'ಕ್ಷ' ಎಂದು ತೋರಿಸುವ ಕೆಲಸ ಯಂತ್ರದ್ದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರ ವಿನ್ಯಾಸ ಬಂದು ಈ ಕೆಲಸ ಆರಂಭವಾಯಿತು. ಲಿನಕ್ಸಿನ ಕಡೆ ಕೇದಗೆ, ಮಲ್ಲಿಗೆ ಬಂದವು, ಮುಂದೆ ಗುಬ್ಬಿ, ನವಿಲು ಬಂದವು. ಇವುಗಳ ಹೆಸರು ಕೇಳಿದರೇ ನಮ್ಮ ಹಿತ್ತಿಲಿನ ನೆನಪಾಗುತ್ತದೆ.

ಉರ್ದುವಿನ ವಿಷಯದಲ್ಲಿ ಯುನಿಕೋಡಿನಲ್ಲೂ ಒಂದು ಎಡವಟ್ಟಿದೆ, ಉರ್ದು ಓದುವ ಮಕ್ಕಳು ಗಮನವಿಟ್ಟು ಕೇಳಿ. ಅರಬ್ಬಿಯ 'ಕಾಫ್' ಅಕ್ಷರದ ಸಂಖ್ಯೆ 1603. ಉರ್ದುವಿನ 'ಕಾಫ್' ಸಂಖ್ಯೆ 1705. ಪದದ ಮೊದಲಲ್ಲೂ ನಡುವೆಯೂ ಬಂದಾಗ ಎರಡೂ ಕಣ್ಣಿಗೆ ಒಂದೇ. ಫೋನಿನಲ್ಲಿ ಅರಬ್ಬಿ ಕೀಲಿಮಣೆ ಹಾಕಿಕೊಂಡು ಉರ್ದು ಬರೆಯುವವರು ಮೊದಲನೆಯದನ್ನು ಒತ್ತುತ್ತಾರೆ. ಓದಲು ತೊಂದರೆಯಿಲ್ಲ. ಆದರೆ 'ಕಿತಾಬ್' ಎಂದು ಹುಡುಕಿದಾಗ ಯಂತ್ರ 'ಸಿಗಲಿಲ್ಲ' ಎನ್ನುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಅವು ಎರಡು ಬೇರೆ ಪದಗಳು. ಟೇ, ಡಾಲ್, ಬಡೀ ಯೇ ಮುಂತಾದ ನಮ್ಮ ಅಕ್ಷರಗಳಂತೂ ಅರಬ್ಬಿ ಕೀಲಿಮಣೆಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಉರ್ದುವಿಗೆ ಉರ್ದು ಕೀಲಿಮಣೆಯನ್ನೇ ಹಾಕಿಕೊಳ್ಳಿ.

ಇನ್ನು ಮೊಬೈಲಿನ ಕಥೆ. ಇದು ನಿಮ್ಮ ಜಗಳಕ್ಕೆ ಹತ್ತಿರದ ವಿಷಯ.

ನಮ್ಮ ಕಾಲೇಜು ದಿನಗಳಲ್ಲಿ ನೋಕಿಯಾ ರಾಜನಾಗಿತ್ತು. ಆಗಿನ ಎಸ್‌ಎಂಎಸ್ ಒಂದರಲ್ಲಿ ಇಂಗ್ಲಿಷ್ ಅಕ್ಷರಗಳಾದರೆ 160 ಹಿಡಿಯುತ್ತಿದ್ದವು. ಯುನಿಕೋಡ್ ಕನ್ನಡವೋ ಉರ್ದುವೋ ಆದರೆ 70 ಮಾತ್ರ. ಕನ್ನಡದಲ್ಲಿ ಕಾಗುಣಿತದ ಚಿಹ್ನೆಯೂ ಒಂದು ಲೆಕ್ಕ, ಹಲಂತವೂ ಒಂದು ಲೆಕ್ಕ. ಹೀಗಾಗಿ ಸ್ವಂತ ಲಿಪಿಯಲ್ಲಿ ಬರೆದವನ ಜೇಬಿಗೇ ಕತ್ತರಿ. ನಾವೆಲ್ಲ 'ಈದ್ ಮುಬಾರಕ್' ಅನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದ್ದು ಲಿಪಿಯ ಮೇಲಿನ ಅನಾದರದಿಂದಲ್ಲ, ಹಣ ಉಳಿಸಲು. ಅಂದು ಹಣಕ್ಕಾಗಿ ಮಾಡಿಕೊಂಡ ಅಭ್ಯಾಸ ಇಂದು ಸಂದೇಶ ಪುಕ್ಕಟೆಯಾದ ಮೇಲೂ ಬಿಟ್ಟಿಲ್ಲ. ನನ್ನ ತರಗತಿಯಲ್ಲಿ ಉರ್ದುವನ್ನು ಸರಾಗವಾಗಿ ಮಾತನಾಡುವ, ಇಂಗ್ಲಿಷ್ ಅಕ್ಷರಗಳಲ್ಲಿ ದಿನವಿಡೀ ಉರ್ದು ಬರೆಯುವ, ಆದರೆ ಉರ್ದು ಲಿಪಿಯಲ್ಲಿ ಅರ್ಧ ಪುಟದ ಪತ್ರ ಬರೆಯಲು ತಡವರಿಸುವ ಮಕ್ಕಳಿದ್ದಾರೆ.

2007ರಲ್ಲಿ ಐಫೋನ್ ಬಂತು, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು. ಮೊದಲ ವರ್ಷಗಳ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ತೆರೆದರೆ ಸಾಲುಸಾಲು ಖಾಲಿ ಚೌಕಗಳು. ಆಗ ನಮ್ಮ ಕೈಹಿಡಿದದ್ದು ಒಪೆರಾ ಮಿನಿ. ಅದರ ವಿಳಾಸದ ಪಟ್ಟಿಯಲ್ಲಿ 'ಒಪೆರಾ ಕಾನ್ಫಿಗ್' ಎಂದು ಬರೆದು, ಸಂಕೀರ್ಣ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬ ಆಯ್ಕೆಯನ್ನು ಒಪ್ಪಿದರೆ, ಎಲ್ಲೋ ದೂರದ ಕಂಪ್ಯೂಟರ್ ಕನ್ನಡ ಪುಟವನ್ನು ಚಿತ್ರವಾಗಿ ಮಾಡಿ ಕಳಿಸುತ್ತಿತ್ತು. ಈ ಗುಟ್ಟು ಕಲಿತ ದಿನ ನಾನು ಸಾದಾ ನೋಕಿಯಾದಲ್ಲಿ ಕನ್ನಡ ಓದಿ ಪಟ್ಟ ಸಂತೋಷ, ಮುಂದೆ ಯಾವ ದುಬಾರಿ ಫೋನಿನಲ್ಲೂ ಸಿಗಲಿಲ್ಲ.

2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ತೋರಿಸುವ ವ್ಯವಸ್ಥೆ ಬಂತು. ಆಂಡ್ರಾಯ್ಡಿನ ದೊಡ್ಡ ಗುಣವೆಂದರೆ, ಬೇರೆಯವರು ಮಾಡಿದ ಕೀಲಿಮಣೆಯನ್ನು ಅದು ಬಹಳ ಹಿಂದಿನಿಂದಲೇ ಒಳಗೆ ಬಿಟ್ಟುಕೊಂಡಿತು. ಹಾಗಾಗಿ ಐಐಟಿ ಮುಂಬಯಿಯವರ 'ಸ್ವರಚಕ್ರ', ನಮ್ಮವರೇ ಮಾಡಿದ 'ಜಸ್ಟ್ ಕನ್ನಡ' ಮುಂತಾದವು ಕಂಪನಿಯ ಅಪ್ಪಣೆಗೆ ಕಾಯದೆ ಬಂದವು. ಆಪಲ್ ಕಂಪನಿ 2014ರವರೆಗೆ ಬಾಗಿಲು ಮುಚ್ಚಿಕೊಂಡಿತ್ತು. ಐಫೋನಿನ ಸ್ವಂತ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಐಫೋನ್ ಹುಟ್ಟಿ ಆಗಲೇ ಹತ್ತು ವರ್ಷ! ಕನ್ನಡದ ಮೇಷ್ಟರಾಗಿ ಕೇಳಿದರೆ ನನ್ನ ಮತ ಆಂಡ್ರಾಯ್ಡಿಗೆ.

ಆದರೆ ನಾನು ಉರ್ದು ಮೇಷ್ಟರೂ ಹೌದಲ್ಲ! ಅದೇ ಐಓಎಸ್ 11ರಲ್ಲಿ ಆಪಲ್ ಉರ್ದುವನ್ನು ನಸ್ತಾಲೀಕ್‌ನಲ್ಲಿ ತೋರಿಸತೊಡಗಿತು. ಗೂಗಲ್ ಕಂಪನಿ 2014ರಲ್ಲೇ ನಸ್ತಾಲೀಕ್ ಅಕ್ಷರ ವಿನ್ಯಾಸವೊಂದನ್ನು ಹೊರತಂದಿದ್ದರೂ, ಇಂದಿಗೂ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಉರ್ದು ಬರುವುದು ಅರಬ್ಬಿಯ ನಸ್ಖ್ ಶೈಲಿಯಲ್ಲೇ. ನಸ್ಖ್ ತಪ್ಪಲ್ಲ, ಕುರ್‌ಆನ್ ಶರೀಫನ್ನು ನಾವು ಓದುವುದು ಅದರಲ್ಲೇ. ಆದರೆ ಪಠ್ಯಪುಸ್ತಕದಲ್ಲಿ ನಸ್ತಾಲೀಕ್ ಕಲಿತ ಮಗುವಿಗೆ ಫೋನಿನ ಉರ್ದು ಅಪರಿಚಿತವಾಗಿ ಕಾಣುತ್ತದೆ. ಹೀಗೆ ನನ್ನ ಎರಡು ವಿಷಯಗಳು ಎರಡು ಕಂಪನಿಗಳಿಗೆ ಮತ ಹಾಕುತ್ತವೆ. ಬೆಲೆ ನೋಡಿದರೆ ನಮ್ಮ ಮಕ್ಕಳ ಕೈಗೆ ಎಟುಕುವುದು ಯಾವುದೆಂಬುದು ನಿಮಗೆ ಗೊತ್ತು, ಹಾಗಾಗಿ ಕೊನೆಯ ಮತ ಆಂಡ್ರಾಯ್ಡಿಗೇ ಬೀಳುತ್ತದೆ.

ಯಾವ ಕಂಪನಿಯ ಮೇಲೂ ಅಭಿಮಾನ ಅತಿಯಾಗಬಾರದು ಎಂಬುದಕ್ಕೆ ಇತಿಹಾಸವೇ ಸಾಕ್ಷಿ. ನೋಕಿಯಾದ ಫೋನ್ ವ್ಯಾಪಾರ 2014ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಮುಂದೆ ಮೈಕ್ರೋಸಾಫ್ಟ್‌ನ ಫೋನ್ ವ್ಯವಸ್ಥೆಯೂ ಮುಗಿಯಿತು. ಹಳೆಯ ಬ್ಲ್ಯಾಕ್‌ಬೆರಿ ಫೋನುಗಳ ಸೇವೆ 2022ರ ಜನವರಿಯಲ್ಲಿ ನಿಂತಿತು. ಮೇಜಿನ ಮೇಲಿನ ಕಂಪ್ಯೂಟರಿನ ಕಥೆಯೂ ಅಷ್ಟೆ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಶಾಲೆಗಳಲ್ಲಿರುವ ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ನ್ನು ತಾಳಲಾರವು. ಅವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಹಾಕಿ ನೋಡಿ ಎಂಬುದು ನನ್ನ ಸಲಹೆ. ಪಕ್ಕದ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಮಕ್ಕಳೂ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿತರು. ನಮ್ಮಿಂದ ಏಕಾಗದು?

ಈಗ ನಾನು ಮೊದಲಲ್ಲಿ ಹೇಳಿದ ನಷ್ಟದ ವಿಷಯ.

ನಮ್ಮ ವಾರ್ಷಿಕ ಸಂಚಿಕೆಯ ಹಳೆಯ ಲೇಖನಗಳಿಂದ ಆಯ್ದ ಒಂದು ಪುಸ್ತಕ ತರಬೇಕೆಂದು ಸಮಿತಿಯ ಹಿರಿಯರು ತೀರ್ಮಾನಿಸಿ, ಕೆಲಸವನ್ನು ನನಗೆ ವಹಿಸಿದರು. ಬೀರುವಿನಲ್ಲಿ ಇಪ್ಪತ್ತು ವರ್ಷ ಹಿಂದಿನ ಒಂದು ಸಿಡಿ ಸಿಕ್ಕಿತು. ಕೆಲಸ ಅರ್ಧ ಮುಗಿಯಿತು ಎಂದುಕೊಂಡೆ. ಸಿಡಿ ತೆರೆಯಿತು, ಕನ್ನಡ ಪುಟಗಳು ತೆರೆಯಲಿಲ್ಲ. ಅಂದರೆ ತೆರೆದವು, ಆದರೆ ಆಗಲೇ ಹೇಳಿದ ಮೊಸರನ್ನದ ರೂಪದಲ್ಲಿ. ಅವನ್ನು ಜೋಡಿಸಿಕೊಟ್ಟಿದ್ದ ಡಿಟಿಪಿ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಯಾವ ಅಕ್ಷರ ವಿನ್ಯಾಸದ ಯಾವ ಆವೃತ್ತಿ ಎಂದು ಹೇಳುವವರಿಲ್ಲ. ಪರಿವರ್ತಕಗಳನ್ನು ಹಾಕಿ ನೋಡಿದೆ. ಕೆಲವು ಪುಟ ಬಂದವು, ಒತ್ತಕ್ಷರಗಳು ಉದುರಿಹೋಗಿದ್ದವು. ಉರ್ದು ಪುಟಗಳು ಹಳೆಯ ಇನ್‌ಪೇಜ್ ಕಡತಗಳು. ಸ್ನೇಹಿತರೊಬ್ಬರ ಯಂತ್ರದಲ್ಲಿ ಅವು ತೆರೆದವು, ಅಲ್ಹಮ್ದುಲಿಲ್ಲಾಹ್.

ಕನ್ನಡ ಪುಟಗಳಲ್ಲಿ ಒಂದು ಲೇಖನ ನಮ್ಮ ಉಸ್ತಾದರೊಬ್ಬರದು. ಮಂಡಿ ಮೊಹಲ್ಲಾದ ಉರ್ದು ಶಾಲೆಗಳು ಯಾವಾಗ, ಯಾರ ಮನೆಯ ಜಗಲಿಯಲ್ಲಿ ಆರಂಭವಾದವು ಎಂದು ಹಿರಿಯರನ್ನು ಕೇಳಿ ಕೇಳಿ ಅವರು ಬರೆದದ್ದು. ಉರ್ದು ಮಾತೃಭಾಷೆಯವರಾದರೂ, ಎಲ್ಲರೂ ಓದಲಿ ಎಂದು ಕನ್ನಡದಲ್ಲೇ ಬರೆದರು. ಈಗ ಉಸ್ತಾದರಿಲ್ಲ, ಅವರಿಗೆ ಹೇಳಿದ ಹಿರಿಯರೂ ಇಲ್ಲ. ಸಂಚಿಕೆಯ ಒಂದು ಮುದ್ರಿತ ಪ್ರತಿ ಅವರ ಮಗಳ ಮನೆಯಲ್ಲಿ ಸಿಕ್ಕಿತು. ಅದರಿಂದ ನಮ್ಮ ಒಂಬತ್ತನೇ ತರಗತಿಯ ಹುಡುಗಿಯರು ಇಡೀ ಲೇಖನವನ್ನು ಯುನಿಕೋಡಿನಲ್ಲಿ ಮತ್ತೆ ಬೆರಳಚ್ಚಿಸಿದರು. ಫೋನಿನಲ್ಲೇ ಬೆರಳಚ್ಚಿಸಿದರು, ಸರದಿಯ ಮೇಲೆ, ಹನ್ನೊಂದು ದಿನ. ನಡುವಿನ ಎರಡು ಹಾಳೆಗಳು, ಅಂದರೆ ನಾಲ್ಕು ಪುಟಗಳು, ಆ ಪ್ರತಿಯಲ್ಲಿ ಇರಲಿಲ್ಲ. ಸಿಡಿಯಲ್ಲಿರುವ ಮೊಸರನ್ನದಲ್ಲಿ ಅವು ಇವೆ. ಎರಡು ಹೆಸರು, ಒಂದು ಇಸವಿಯನ್ನು ಊಹಿಸಬಲ್ಲೆ. ಊಹಿಸಿದ್ದನ್ನು ಉಸ್ತಾದರ ಹೆಸರಿನಲ್ಲಿ ಅಚ್ಚು ಹಾಕಲು ಮನಸ್ಸು ಬಾರದು.

ನಮ್ಮದೇ ಊರಿನ ಮಾನಸಗಂಗೋತ್ರಿಯ ಬಳಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ. ಅಲ್ಲಿ ಕನ್ನಡ, ಉರ್ದು ಸೇರಿದಂತೆ ಅನೇಕ ಭಾಷೆಗಳ ಪಠ್ಯವನ್ನು ಯಂತ್ರ ಓದುವ ರೂಪದಲ್ಲಿ ಸಂಗ್ರಹಿಸಿದ್ದಾರೆ. ಅಂಥ ದೊಡ್ಡ ಕೆಲಸ ನಡೆಯುವ ಊರಿನಲ್ಲಿದ್ದುಕೊಂಡು ನಮ್ಮ ನಾಲ್ಕು ಪುಟಗಳನ್ನು ನಾವು ಕಾಪಾಡಿಕೊಳ್ಳಲಿಲ್ಲ.

ಆದ್ದರಿಂದ ಈ ವರ್ಷದಿಂದ ಸಂಚಿಕೆಗೆ ಬರುವ ಲೇಖನಗಳೆಲ್ಲ, ಕನ್ನಡವಾಗಲಿ ಉರ್ದುವಾಗಲಿ, ಯುನಿಕೋಡಿನಲ್ಲೇ ಇರಬೇಕೆಂದು ಸಮಿತಿಯವರಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಬರೆಯಲು ಬಾರದವರು ಕಾಗದದ ಮೇಲೆ ಬರೆದುಕೊಡಲಿ, ಬೆರಳಚ್ಚಿಸಲು ಮಕ್ಕಳಿದ್ದಾರೆ. ಇನ್ನೊಂದು ಮನವಿ: 2004ರ ಸಂಚಿಕೆ ಮಂಡಿ ಮೊಹಲ್ಲಾ, ಉದಯಗಿರಿ, ರಾಜೀವನಗರದ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಹರಿದಿದ್ದರೂ ಸರಿಯೇ, ದಯವಿಟ್ಟು ಸಂಸ್ಥೆಯ ಕಚೇರಿಗೆ ತಂದುಕೊಡಿ. ನಮಗೆ ಬೇಕಾಗಿರುವುದು 37ರಿಂದ 40ನೇ ಪುಟ. ನೋಡಿಕೊಂಡು ಅದೇ ದಿನ ಹಿಂದಿರುಗಿಸುತ್ತೇವೆ.